ಸಣ್ಣ ಆಂಪ್ಲಿಫೈಯರ್ ಸುರಕ್ಷಿತ ಎಂದು ನಂಬಿ ಟ್ವೀಟರ್ ಸುಟ್ಟುಕೊಂಡವನ ಉತ್ತರ

4 ಓಮ್, 100 ವ್ಯಾಟ್ ಎಂದು ನಮೂದಿಸಿರುವ ಟವರ್ ಸ್ಪೀಕರುಗಳಿಗೆ 25 ವ್ಯಾಟಿನ ಆಂಪ್ಲಿಫೈಯರ್ ಜೋಡಿಸಿದರೆ ಅಪಾಯವಿಲ್ಲ ತಾನೇ, ಅದು ಹಳೆಯ ಬಗೆಯ ಗಾಜಿನ ಕೊಳವೆಯ, ಅಂದರೆ ವಾಲ್ವಿನದಾಗಿರಲಿ, ಟ್ರಾನ್ಸಿಸ್ಟರಿನದಾಗಿರಲಿ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಎಡಗಡೆಯ ಟ್ವೀಟರನ್ನು, ಅಂದರೆ ಪೆಟ್ಟಿಗೆಯೊಳಗೆ ತಾರ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರನ್ನು, ಕಳೆದುಕೊಂಡೆ.

ನನ್ನ ಸ್ಪೀಕರುಗಳು ಹಳೆಯವು, ವಿದೇಶಕ್ಕೆ ಹೊರಟಿದ್ದ ಪರಿಚಿತರೊಬ್ಬರಿಂದ ಕೊಂಡವು. ಹಿಂಬದಿಯ ಚೀಟಿಯಲ್ಲಿ ರೋಧ 4 ಓಮ್, ಸಂವೇದನೆ 86 ಡೆಸಿಬಲ್, ಶಕ್ತಿ 100 ವ್ಯಾಟ್ ಎಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಮನೆಗೆ 25 ವ್ಯಾಟ್ ಧಾರಾಳವಾಯಿತು, ಹೆಚ್ಚಿನದನ್ನು ಹಾಕಿದರೆ ಸ್ಪೀಕರ್ ಸುಡುತ್ತದೆ ಎಂದರು, ನಾನು ಒಪ್ಪಿದೆ. ತಗ್ಗಿದ ದನಿಯಲ್ಲಿ ಗಾಯನ ಕೇಳುವಷ್ಟು ಕಾಲ ಎಲ್ಲವೂ ಸರಿಯಾಗಿಯೇ ಇತ್ತು. ಒಂದು ಸಂಜೆ ಮನೆಯಲ್ಲಿ ನೆಂಟರು ಸೇರಿದ್ದಾಗ ತನಿ ಆವರ್ತನದ ಧ್ವನಿಮುದ್ರಣವೊಂದನ್ನು ಹಾಕಿ, ಅವರ ಒತ್ತಾಯಕ್ಕೆ ಮಣಿದು ವಾಲ್ಯೂಮ್ ಗುಂಡಿಯನ್ನು ಕೊನೆಯ ಹತ್ತಿರದವರೆಗೂ ತಿರುಗಿಸಿದೆ. ಮೃದಂಗದ ಎಡಗಡೆಯ ಗುಮ್ಕಿ ಉಬ್ಬುವುದನ್ನು ಬಿಟ್ಟು ಒಡೆಯತೊಡಗಿತು, ಬಲಗಡೆಯ ಪೆಟ್ಟುಗಳು ತಗಡಿನಂತೆ ಕರಕರ ಎಂದವು. ಧ್ವನಿಮುದ್ರಣವೇ ಕಳಪೆ ಇರಬೇಕೆಂದು ಸುಮ್ಮನಾದೆ. ಮರುದಿನ ತಂಬೂರಿಯ ಝೇಂಕಾರ ಒಂದೇ ಕಡೆಯಿಂದ ಬರುತ್ತಿತ್ತು. ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಟ್ವೀಟರಿನ ಕಾಯಿಲ್ ತುಂಡಾಗಿತ್ತು. ಆ ಮಾದರಿಯ ತಯಾರಿಕೆ ನಿಂತುಹೋಗಿದ್ದರಿಂದ ಕೊನೆಗೆ ಎರಡೂ ಕಡೆಯ ಟ್ವೀಟರುಗಳನ್ನು ಬೇರೆ ಮಾದರಿಗೆ ಬದಲಾಯಿಸಿ, ಮಂದ್ರ-ತಾರಗಳನ್ನು ಬೇರ್ಪಡಿಸಿ ಆಯಾ ಸ್ಪೀಕರಿಗೆ ಕಳಿಸುವ ಕ್ರಾಸ್‌ಓವರನ್ನೂ ತಿದ್ದಿಸಬೇಕಾಯಿತು. ಆಂಪ್ಲಿಫೈಯರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಅದಕ್ಕೇ ಹೋಯಿತು.

ಆದದ್ದು ಏನೆಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಬುಡದಲ್ಲಿರುವ ತಪ್ಪೂ ಅಲ್ಲಿಯೇ ಇದೆ. ಸ್ಪೀಕರಿನ ಸಂವೇದನೆಯನ್ನು, ಅಂದರೆ ಕೊಟ್ಟ ವಿದ್ಯುತ್ತಿಗೆ ಅದು ಎಷ್ಟು ಗಟ್ಟಿಯಾಗಿ ನುಡಿಯುತ್ತದೆ ಎಂಬುದನ್ನು, ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೆಯುತ್ತಾರೆ. 8 ಓಮಿಗೆ ಅಷ್ಟು ವೋಲ್ಟ್ ಎಂದರೆ 1 ವ್ಯಾಟ್, 4 ಓಮಿಗಾದರೆ 2 ವ್ಯಾಟ್. ಹೀಗಾಗಿ ನನ್ನ ಸ್ಪೀಕರಿನ 86 ಡೆಸಿಬಲ್ ನಿಜವಾಗಿ ವ್ಯಾಟಿಗೆ 83 ಡೆಸಿಬಲ್ ಮಾತ್ರ. ಮೂರು ಮೀಟರ್ ದೂರದಲ್ಲಿ ಕುಳಿತಾಗ ದೂರದಿಂದ ಕಳೆಯುವುದನ್ನು ಕಳೆದು, ಎರಡು ಸ್ಪೀಕರು ಮತ್ತು ಗೋಡೆಗಳಿಂದ ಕೂಡುವುದನ್ನು ಕೂಡಿದರೆ, ತಲಾ ಒಂದು ವ್ಯಾಟಿಗೆ ಸುಮಾರು 80 ಡೆಸಿಬಲ್ ಕಿವಿಗೆ ತಲುಪುತ್ತದೆ. ಗಟ್ಟಿಯಾಗಿ ಕೇಳಲು ಸರಾಸರಿ ಮಟ್ಟಕ್ಕೆ ಅದು ಸಾಕು. ಆದರೆ ಮೃದಂಗದ ಪೆಟ್ಟು ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲೆ ಹಾರುತ್ತದೆ. ಪ್ರತಿ 3 ಡೆಸಿಬಲಿಗೆ ಶಕ್ತಿ ಇಮ್ಮಡಿಯಾಗಬೇಕಾದ್ದರಿಂದ 18 ಡೆಸಿಬಲಿನ ಜಿಗಿತಕ್ಕೆ 60 ವ್ಯಾಟಿಗೂ ಹೆಚ್ಚು ಬೇಕು, ನನ್ನಲ್ಲಿದ್ದದ್ದು 25.

ಆಂಪ್ಲಿಫೈಯರಿನ ವೋಲ್ಟೇಜ್ ತನ್ನ ಮಿತಿಯನ್ನು ಮುಟ್ಟಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಮೊದಲು ಮಿತಿ ಮುಟ್ಟುವುದು ಹೆಚ್ಚು ಶಕ್ತಿ ಬೇಡುವ ಮಂದ್ರ ಭಾಗ. ಅದು ಅಲ್ಲಿಯೇ ನಿಂತಿರುವಾಗ ನೀವು ವಾಲ್ಯೂಮ್ ಏರಿಸುತ್ತಾ ಹೋದರೆ ತಾರ ಭಾಗ ಮಾತ್ರ ಬೆಳೆಯುತ್ತದೆ, ಜೊತೆಗೆ ಚಪ್ಪಟೆಯಾದ ಅಲೆಯಿಂದ ಹುಟ್ಟಿದ ಹೊಸ ಉಚ್ಚ ಆವರ್ತನಗಳೂ ಸೇರುತ್ತವೆ. ಇವೆಲ್ಲವೂ ಕ್ರಾಸ್‌ಓವರನ್ನು ದಾಟಿ ಕೂದಲೆಳೆಯಂಥ ತಂತಿಯ ಟ್ವೀಟರಿಗೆ ಹೋಗುತ್ತವೆ. ಚೀಟಿಯ ಮೇಲಿನ 100 ವ್ಯಾಟ್ ಇಡೀ ಪೆಟ್ಟಿಗೆಗೆ, ಅದೂ ಸಹಜವಾದ ಸಂಗೀತದಲ್ಲಿ ಮಂದ್ರ-ತಾರಗಳು ಇರುವ ಪ್ರಮಾಣದಲ್ಲಿ ಹೇಳಿದ ಮಾತು. ಟ್ವೀಟರೊಂದೇ ನಿರಂತರವಾಗಿ ತಾಳುವುದು ಬೆರಳೆಣಿಕೆಯ ವ್ಯಾಟುಗಳನ್ನು. ಆದ್ದರಿಂದ ಸಣ್ಣ ಆಂಪ್ಲಿಫೈಯರ್ ಸುರಕ್ಷಿತ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ದೊಡ್ಡದನ್ನು ಕೊಂಡರೂ ತಗ್ಗಿದ ದನಿಯಲ್ಲಿ ಅದು ಕೊಡುವುದು ಒಂದೇ ವ್ಯಾಟ್, ಉಳಿದದ್ದು ಪೆಟ್ಟು ಬಂದಾಗ ಕೈಗೆ ಸಿಗುತ್ತದೆ ಅಷ್ಟೇ.

ಇನ್ನು ವಾಲ್ವಿನ ವಿಚಾರ. ವಾಲ್ವಿನ ಮಾಧುರ್ಯ ಎಂಬುದು ಒಂದೇ ಬಗೆಯ ಗುಣ, ಅದನ್ನು ಯಾವ ಸ್ಪೀಕರಿಗೆ ಬೇಕಾದರೂ ಬಳಿಯಬಹುದು ಎಂಬಂತೆ ನೀವು ಬರೆದಿದ್ದೀರಿ, ಹಾಗಿಲ್ಲ. ಹೊರಬರುವ ಸಂಕೇತವನ್ನು ಒಳಬಂದದ್ದಕ್ಕೆ ಹೋಲಿಸಿ ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ಇಲ್ಲದ, ಸಿಂಗಲ್ ಎಂಡೆಡ್ ಎಂಬ ಸರಳ ಬಗೆಯ ವಾಲ್ವ್ ಆಂಪ್ಲಿಫೈಯರಿಗೆ ಎರಡು-ಮೂರು ಓಮ್ ಒಳರೋಧ ಇರುವುದು ಸಾಮಾನ್ಯ. ಒಂದು ಆವರ್ತನದಲ್ಲಿ 4 ಓಮಿಗೆ ಇಳಿದು, ಇನ್ನೊಂದರಲ್ಲಿ 20 ಓಮಿಗೆ ಏರುವ ಸ್ಪೀಕರನ್ನು ಅದಕ್ಕೆ ಜೋಡಿಸಿದರೆ ಆ ಎರಡು ಜಾಗಗಳ ನಡುವೆ ಸುಮಾರು 3 ಡೆಸಿಬಲ್ ಏರುಪೇರು ತಾನಾಗಿಯೇ ಬರುತ್ತದೆ. ಒಂದು ಸ್ಪೀಕರಿನಲ್ಲಿ ಅದು ಕಂಠಕ್ಕೆ ಮೈ ತುಂಬಬಹುದು, ಮತ್ತೊಂದರಲ್ಲಿ ಬಾಸ್ ಗುಮ್ಮೆನ್ನಬಹುದು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗೆಂದು ರೂಪಿಸಿದ ಪುಟ್ಟ ಎಲ್‌ಎಸ್3/5ಎ ಸ್ಪೀಕರನ್ನು ವಾಲ್ವ್ ಪ್ರಿಯರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅದರ ಸಂವೇದನೆಯ ಅಂಕಿ ನನ್ನ ಸ್ಪೀಕರುಗಳದ್ದಕ್ಕಿಂತ ಕಡಿಮೆ. ಹಾಗಿದ್ದೂ ಹೊಂದುವುದು ಏಕೆಂದರೆ ಅದರ ಮೂಲ ಆವೃತ್ತಿ 15 ಓಮಿನದು, ವಾಲ್ವಿಗೆ ಹಗುರವಾದ ಹೊರೆ. ಚಿಕ್ಕ ಕೋಣೆಯಲ್ಲಿ, ಹತ್ತಿರ ಕುಳಿತು, ಕಂಠವನ್ನೇ ಕೇಳುವವರಿಗೆ ಅದು ಸಲ್ಲುತ್ತದೆ.

ನನಗೂ ಅಂಥದ್ದೇ ಇಷ್ಟ. ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ ಉಸಿರು ತಿರುಗುವ ಜಾಗ ಕೇಳಿಸಬೇಕು, ಹಿಂದೆ ತಂಬೂರಿಯ ಎಳೆಗಳು ಬಿಡಿಬಿಡಿಯಾಗಿ ಇರಬೇಕು, ಬಾಸ್ ಕಡಿಮೆಯಾದರೂ ಚಿಂತೆಯಿಲ್ಲ. ನನ್ನ ಭಾವನಿಗೆ ಅದೇ ಧ್ವನಿ ರೇಡಿಯೋ ಒಳಗಿಂದ ಬಂದಂತೆ ಕೇಳುತ್ತದೆ; ಚಿತ್ರಗೀತೆಯ ತಬಲಾ ಎದೆಗೆ ಬಡಿಯದಿದ್ದರೆ ಅವನ ಮಟ್ಟಿಗೆ ಹೈಫೈ ಅಲ್ಲ. ಇದರಲ್ಲಿ ಯಾರನ್ನೂ ತಿದ್ದುವ ಅಗತ್ಯವಿಲ್ಲ. ಆದರೆ ಆ ರುಚಿಯನ್ನು ಸ್ಪೀಕರಿನಲ್ಲಿ ಹುಡುಕಬೇಕು, ಆಂಪ್ಲಿಫೈಯರಿನಲ್ಲಿ ಅಲ್ಲ. ಮಿತಿಯೊಳಗೆ ಕೆಲಸ ಮಾಡುತ್ತಿರುವ ಎರಡು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸಕ್ಕಿಂತ ನಮ್ಮ ಹಜಾರದ ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ದಪ್ಪನೆಯ ಜಮಖಾನ ಹಾಸಿದಾಗ ಕೇಳಿದ ವ್ಯತ್ಯಾಸ ದೊಡ್ಡದು.

ಈಗಿರುವ ಟವರುಗಳನ್ನೇ ಇಟ್ಟುಕೊಳ್ಳುವುದಾದರೆ 4 ಓಮಿಗೆ ಕನಿಷ್ಠ 100 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಳ್ಳಿ, ಬೇರೆ ಆಯ್ಕೆಗಳನ್ನು ಅಳೆದು ತೂಗುವ ಅಗತ್ಯ ನನಗೆ ಕಾಣುವುದಿಲ್ಲ. ವಾಲ್ವ್ ಬೇಕೇ ಬೇಕು ಎಂದಾದರೆ ಟವರುಗಳನ್ನು ಮಾರಿ, ಸ್ಪೀಕರಿನಿಂದಲೇ ಹೊಸದಾಗಿ ಆರಂಭಿಸಿ. ಅಂಗಡಿಯಲ್ಲಿ ಆಂಪ್ಲಿಫೈಯರ್ 4 ಓಮಿಗೆ ಎಷ್ಟು ವ್ಯಾಟ್ ಕೊಡುತ್ತದೆಂಬ ಅಂಕಿಯನ್ನು ಪ್ರತ್ಯೇಕವಾಗಿ ಕೇಳಿ; 8 ಓಮಿನದು ಮಾತ್ರ ಅಚ್ಚಾಗಿದ್ದು, 4ರ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.