ಟಪ್ಪು ಎತ್ತರವಾದರೆ ಕತೆ ಏನಾಗುತ್ತದೆ?

ಪ್ರಶ್ನೆ: ಮಕ್ಕಳ ತುಂಟತನದಿಂದಲೇ ನಗಿಸುವ ಧಾರಾವಾಹಿಗಳು ಕೆಲವು ವರ್ಷಗಳಲ್ಲಿ ಸಪ್ಪೆಯಾಗುವುದೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಏಳು ವರ್ಷದ ಹುಡುಗ ಚೆಂಡೆಸೆದು ಕಿಟಕಿ ಗಾಜು ಒಡೆದರೆ ನಗು, ಹದಿನಾರರವನು ಒಡೆದರೆ ಪುಂಡಾಟಿಕೆ. ಅದೇ ಸಂಭಾಷಣೆ, ಒಡೆದ ದನಿಯಲ್ಲಿ ಬಂದರೆ ಅಧಿಕಪ್ರಸಂಗ. ಬರಹಗಾರರಿಗೆ ಇರುವ ದಾರಿಗಳು ಕಡಿಮೆ. ಒಂದು, ಪಾತ್ರವನ್ನೇ ಕಾಲೇಜಿಗೆ ಕಳಿಸುವುದು. ಇನ್ನೊಂದು, ಹೊಸ ಪುಟಾಣಿಯನ್ನು ಮನೆಗೆ ತರುವುದು: ಅಮೆರಿಕದ ‘ದಿ ಕಾಸ್ಬಿ ಶೋ’ 1989ರಲ್ಲಿ ಒಲಿವಿಯಾಳನ್ನು ತಂದದ್ದು ಹೀಗೆ. ಮೂರನೆಯದು ನಟನನ್ನೇ ಬದಲಿಸುವುದು. ನಮ್ಮ ಮುಂಬೈಯ ಗೋರೆಗಾಂವ್‌ನಲ್ಲೇ ತಯಾರಾಗುವ ಹಿಂದಿ ಧಾರಾವಾಹಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದಲ್ಲಿ 2008ರಿಂದ ತುಂಟ ಹುಡುಗ ಟಪ್ಪುವಾಗಿದ್ದ ಭವ್ಯ ಗಾಂಧಿ 2017ರಲ್ಲಿ ಬಿಟ್ಟರು, 2023ರಲ್ಲಿ ಬಂದದ್ದು ಮೂರನೆಯ ಟಪ್ಪು. ಪಾತ್ರ ಉಳಿಯಿತು ನಿಜ, ಆದರೆ ಹಾಸ್ಯದ ಭಾರವೆಲ್ಲ ಅಪ್ಪ ಜೇಠಾಲಾಲನ ಹೆಗಲೇರಿತು.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಧಾರಾವಾಹಿಯಲ್ಲಿ ಅವಕಾಶ ಬಂದಿದೆ. ಏನೇನು ಗಮನಿಸಬೇಕು?
– ತಾಯಿಯೊಬ್ಬರು, ಮುಲುಂಡ್

ಉತ್ತರ: ಮೊದಲು ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆದಿದ್ದಾರೆಯೇ ಕೇಳಿ. 2017ರ ಕೇಂದ್ರ ನಿಯಮದಂತೆ ದಿನಕ್ಕೆ 5 ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಸಂಭಾವನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮೇಕಪ್ಪಿಗೆ ಕೂರಿಸುವ ಹೊತ್ತನ್ನೂ ಗಂಟೆಯ ಲೆಕ್ಕಕ್ಕೆ ಸೇರಿಸುತ್ತಾರೋ, ಕರಾರಿನಲ್ಲೇ ಬರೆಸಿಕೊಳ್ಳಿ, ಪರೀಕ್ಷೆಯ ದಿನಗಳನ್ನೂ.