ಬೇರೆಯವರ ಕೈಗೆ ಸೂಜಿ: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಬರೆಯಲು, ನನ್ನ ಬಳಿ ಸಲಹೆಗೆ ಬಂದಿದ್ದ ಆ ಹೆಂಗಸು ಒಪ್ಪಿಗೆ ಕೊಟ್ಟಿದ್ದಾರೆ, ಬರೆದ ಮೇಲೆ ಓದಿಯೂ ನೋಡಿದ್ದಾರೆ. ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಸುನಂದಾ ಎನ್ನೋಣ. ಕಸುಬನ್ನು ಮಾತ್ರ ಬದಲಿಸಲಿಲ್ಲ. ಅದನ್ನು ಬದಲಿಸಿದರೆ ಪ್ರಕರಣವೇ ಉಳಿಯುವುದಿಲ್ಲ.

ಸುನಂದಾ ಧಾರವಾಡದ ಕಡೆಯವರು, ನಲವತ್ತು ದಾಟಿದವರು. ಇಳಕಲ್ ಸೀರೆ ತಂದು ಅದರ ಮೇಲೆ ಕೈಯಿಂದ ಕಸೂತಿ ಹಾಕಿ ಮಾರುತ್ತಾರೆ. ಹನ್ನೊಂದು ವರ್ಷಗಳಿಂದ ಈ ವ್ಯಾಪಾರದಲ್ಲಿ ಅವರೊಬ್ಬರೇ. ಸೀರೆ ಆರಿಸುವುದರಿಂದ ಪಾರ್ಸೆಲ್ ಕಟ್ಟುವವರೆಗೆ ಎಲ್ಲವೂ ಅವರದೇ ಕೈ. ಬಲಗೈ ಹೆಬ್ಬೆರಳಿನ ಬುಡ ಬಾತು, ರಾತ್ರಿ ನೋವಿಗೆ ಎಚ್ಚರಾಗತೊಡಗಿದಾಗ ಮೂಳೆ ವೈದ್ಯರ ಬಳಿ ಹೋದರು. ಕೈಗೆ ವಿಶ್ರಾಂತಿ ಕೊಡಿ ಎಂದು ವೈದ್ಯರು ಹೇಳಿದ ಕೂಡಲೇ ಅಲ್ಲೇ ಕೂತು ಅತ್ತುಬಿಟ್ಟರಂತೆ. ವೈದ್ಯರು ನನ್ನ ಹತ್ತಿರ ಕಳಿಸಿದ್ದು ಆ ಅಳುವನ್ನು ನೋಡಿ.

ಮೊದಲ ಭೇಟಿಯಲ್ಲಿ ಅವರು ಒಂದು ಡೈರಿ ತೆರೆದು ತೋರಿಸಿದರು. ಮುಂಗಡ ಕೊಟ್ಟವರ ಹೆಸರುಗಳು, ಇಪ್ಪತ್ತಾರು. ಒಂದು ತುಂಬು ಸೀರೆಗೆ ಅವರಿಗೆ ತಿಂಗಳ ಮೇಲೆಯೇ ಹಿಡಿಯುತ್ತದೆ.

"ಯಾರಿಗರೆ ಒಂದಿಷ್ಟು ಕೆಲಸ ಹಂಚಬಹುದಲ್ರೀ?" ಎಂದೆ.

"ಹಂಚಿದ್ನಿರಿ ಮೇಡಂ. ನಾಕು ವರ್ಷದ ಹಿಂದ. ಎರಡು ಸೀರಿ. ಹಿಂದ ತಿರುವಿ ನೋಡಿದ್ರ ಬರೇ ಗಂಟು." ಅಷ್ಟು ಹೇಳಿ ಡೈರಿ ಮುಚ್ಚಿದರು. ಒಂದು ಸೀರೆಯನ್ನು ಗಿರಾಕಿ ವಾಪಸ್ ಕಳಿಸಿದ್ದರು. ಸುನಂದಾ ಪೂರ್ತಿ ಹಣ ಹಿಂತಿರುಗಿಸಿದ್ದರು, ಮನೆಯವರಿಗೂ ಹೇಳಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ತಪ್ಪಿದೆ. ಎಲ್ಲವೂ ಕುಂದಿಲ್ಲದಂತೆ ಇರಬೇಕೆಂಬ ಹಟ ಮನುಷ್ಯರನ್ನು ಹೇಗೆ ಹಣ್ಣು ಮಾಡುತ್ತದೆ ಎಂಬುದನ್ನು ನಾನು ಬಹಳ ಮಂದಿಯಲ್ಲಿ ನೋಡಿದ್ದೇನೆ. ಇದೂ ಅದೇ ಎಂದುಕೊಂಡೆ. "ನೂರಕ್ಕೆ ತೊಂಬತ್ತು ಬಂದ್ರೂ ಸಾಕು ಅಂತ ಮನಸ್ಸಿಗೆ ಹೇಳ್ಕೊಳ್ರಿ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಮುಂದಿನ ಭೇಟಿಗೆ ಬರಲಿಲ್ಲ.

ಮೂರು ವಾರದ ನಂತರ ಬಂದಾಗ ಚೀಲದಲ್ಲಿ ಎರಡು ಬಟ್ಟೆ ತಂದಿದ್ದರು. ಒಂದು ಯಂತ್ರದ ಕಸೂತಿ, ಇನ್ನೊಂದು ಅವರದು. ಎರಡನ್ನೂ ಮೇಜಿನ ಮೇಲೆ ಮಗುಚಿ ಹಾಕಿದರು. ಆವತ್ತು ಅವರೇ ಪಾಠ ಹೇಳಿದರು, ನಾನು ಕೇಳಿದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿಯಲ್ಲಿ ಒಂದು ಸಲ ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಿಟ್ಟ ಜಾಗ ತುಂಬುತ್ತದೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡೂ ಹಿಂದೆ ಮುಂದೆ ಒಂದೇ ತರಹ ಕಾಣುತ್ತವೆ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆಯಲ್ಲಿ ದಾರಗಳು ಗುಣಾಕಾರದ ಗುರುತಿನ ಹಾಗೆ ಒಂದನ್ನೊಂದು ದಾಟುತ್ತವೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಒಂದೆಳೆ ತಪ್ಪಿ ಎಣಿಸಿದರೆ ಮುಂದಿನ ಸಾಲೆಲ್ಲ ತಪ್ಪು, ಬಿಚ್ಚಲೇಬೇಕು.

"ನನ್ನ ಗಿರಾಕಿ ಸೀರಿ ಮುಂದ ನೋಡಂಗಿಲ್ರಿ. ಮೊದಲ ಹಿಂದ ತಿರುವಿ ನೋಡ್ತಾರ. ಅದಕ್ಕ ರೊಕ್ಕಾ ಕೊಡ್ತಾರ. ತೊಂಬತ್ತು ಬಂದ್ರ ಅದು ಮಷಿನ್ ಸೀರಿ ಆತಲ್ರಿ?"

ನಾನು ಕಾಯಿಲೆ ಎಂದುಕೊಂಡದ್ದೇ ಅವರ ಅನ್ನವಾಗಿತ್ತು. ಯಂತ್ರದ ಕಸೂತಿ ಅಗ್ಗಕ್ಕೆ ಸಿಗುವಾಗಲೂ ಇವರಿಗೆ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾಯುವವರು ಕೆಲವೇ ಮಂದಿ, ಮತ್ತು ಆ ಕೆಲವರಿಗೆ ಒಬ್ಬರಿಗೊಬ್ಬರು ಗೊತ್ತು. ಹಿಂಬದಿ ಕೆಟ್ಟ ಒಂದು ಸೀರೆ ಹೊರಗೆ ಹೋದರೆ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ. ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ, ಕ್ಷಮೆಯನ್ನೂ ಕೇಳಿದೆ. ಸಣ್ಣ ಮಾರುಕಟ್ಟೆಯಲ್ಲಿ ಒಬ್ಬರೇ ದುಡಿಯುವವರಿಗೆ ಸಲಹೆ ಕೊಡುವ ಮುನ್ನ ಅವರ ಗಿರಾಕಿ ಯಾತಕ್ಕೆ ಹಣ ಕೊಡುತ್ತಾನೆಂದು ಕೇಳದೆ ಬಾಯಿ ಬಿಡಬಾರದೆಂದು ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ.

ಹಾಗಾದರೆ ಕೈಗೆ ವಿಶ್ರಾಂತಿ ಎಲ್ಲಿಂದ ತರುವುದು? ಏಳು ದಿನ ಕೈ ಏನೇನು ಮಾಡುತ್ತದೋ ಅದನ್ನು ಗಂಟೆ ಲೆಕ್ಕದಲ್ಲಿ ಬರೆಯಿರಿ ಎಂದೆ. ಬರೆದು ತಂದರು. ಒಟ್ಟು 71 ಗಂಟೆ. ಸೂಜಿ ಹಿಡಿದದ್ದು 32. ಉಳಿದದ್ದು ವಾಟ್ಸಾಪ್‌ನಲ್ಲಿ ಬಣ್ಣ, ಬೆಲೆ ಕೇಳಿದವರಿಗೆ ಉತ್ತರ, ಫೋಟೋ, ಫಾಲು ಮತ್ತು ಪಿಕೋ, ಸೆರಗಿನ ಕುಚ್ಚು, ಪಾರ್ಸೆಲ್, ಅಂಚೆ ಕಚೇರಿಯ ಸಾಲು. ಅವರೇ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಕುಚ್ಚು ಕಟ್ಟಾಕೂ ನಾನ ಕುಂತೇನಲ್ರಿ" ಎಂದರು.

ಮೊದಲು ಹೊರಗೆ ಹೋದದ್ದು ಇವು. ಕುಚ್ಚು ಮತ್ತು ಫಾಲು ಓಣಿಯ ಒಬ್ಬ ಅಕ್ಕನಿಗೆ, ಪಾರ್ಸೆಲ್ ಮತ್ತು ಫೋಟೋ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಗೆ. ಇವನ್ನು ಕೊಡುವಾಗ ಅವರಿಗೆ ಭಯವಾಗಲಿಲ್ಲ, ಯಾಕೆಂದರೆ ಇಲ್ಲಿ ಸೀರೆಯ ಹಿಂಬದಿ ಪಣಕ್ಕಿರಲಿಲ್ಲ. ಭಯವಿರುವ ಕಡೆಯಿಂದಲೇ ಹಂಚಿಕೆ ಶುರು ಮಾಡಿಸುವ ಸಲಹೆಗಾರರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೇರೆಯವರು ಮಾಡಿದ ಕೆಲಸ ಮನೆಗೆ ಸರಿಯಾಗಿ ವಾಪಸ್ ಬರುವುದನ್ನು ಮನಸ್ಸು ಕೆಲವು ಸಲ ನೋಡಬೇಕು.

ಸೂಜಿಯ ಮಾತಿಗೆ ಬರಲು ಮತ್ತೆ ಎರಡು ತಿಂಗಳು ಬೇಕಾಯಿತು. ದಾರಿ ಅವರೇ ಕಂಡುಕೊಂಡರು, ನಾನು ಪ್ರಶ್ನೆ ಕೇಳುತ್ತಾ ಹೋದೆನಷ್ಟೆ. ಪ್ರತಿ ಸೀರೆಯಲ್ಲೂ ಎಳೆಯ ಲೆಕ್ಕ, ಯಾವ ಚಿತ್ತಾರ ಎಲ್ಲಿ ಎಂಬುದು ಮತ್ತು ಸಾಲಿನ ಮೊದಲ ಚಿತ್ತಾರ ಸುನಂದಾರದೇ. ಅದನ್ನು ನೋಡಿ ಎಣಿಸುತ್ತಾ ಸಾಲು ಮುಂದುವರಿಸುವುದು ಇನ್ನೊಬ್ಬರ ಕೆಲಸ. ಹಳೆಯ ಎರಡು ಸೀರೆ ಕೆಟ್ಟದ್ದು ಯಾಕೆಂದು ಆಗ ಅವರಿಗೇ ಹೊಳೆಯಿತು: ಸೀರೆ ಕೊಟ್ಟಿದ್ದರು, ಮೊದಲ ಚಿತ್ತಾರ ಹಾಕಿ ಕೊಟ್ಟಿರಲಿಲ್ಲ, ಕೊಟ್ಟ ಮೇಲೆ ಮುಗಿಯುವ ತನಕ ನೋಡಿಯೂ ಇರಲಿಲ್ಲ.

ಒಂದು ಹಾಳೆಯಲ್ಲಿ ಕನ್ನಡದಲ್ಲೇ ಕರಾರು ಬರೆದೆವು. ಮೊದಲ ಪರೀಕ್ಷೆ ಖಣದ, ಅಂದರೆ ರವಿಕೆ ಬಟ್ಟೆಯ, ತುಂಡಿನ ಮೇಲೆ, ಗಿರಾಕಿಯ ಸೀರೆಯ ಮೇಲೆ ಅಲ್ಲ. ಪರೀಕ್ಷೆಗೂ ಕೂಲಿ ಉಂಟು. ದಿನದ ಕೊನೆಗೆ ಹಿಂಬದಿಯ ಒಂದು ಫೋಟೋ ಕಳಿಸಬೇಕು. ಮೊದಲ ದಿನವೇ ಸಿಕ್ಕ ತಪ್ಪನ್ನು ಹಾಕಿದವರು ಬಿಚ್ಚಬೇಕು. ಸುನಂದಾ ಫೋಟೋ ನೋಡದೆ ಬಿಟ್ಟು ತಪ್ಪು ಬೆಳೆದರೆ ಬಿಚ್ಚುವ ಕೂಲಿ ಸುನಂದಾರದು. ಈ ಕೊನೆಯ ಮಾತಿಗೆ ನಾನು ಪಟ್ಟು ಹಿಡಿದೆ. ಕೆಲಸ ಕೊಟ್ಟವರು ನೋಡುವ ಹೊಣೆ ಹೊರದಿದ್ದರೆ ನಷ್ಟವೆಲ್ಲ ಕೂಲಿಯವಳ ತಲೆಗೆ ಬೀಳುತ್ತದೆ, ಮನೆಯಲ್ಲಿ ಕೂತು ಹೊಲಿಯುವ ಹೆಂಗಸರ ಪಾಡು ನಮ್ಮ ಕಡೆ ಹಾಗೇ ನಡೆದು ಬಂದಿದೆ.

ದರದ ವಿಷಯದಲ್ಲೂ ಹಾಗೇ. ಒಂದು ಚಿತ್ತಾರಕ್ಕೆ ಇಷ್ಟು ಎಂದು ಅಂದಾಜಿಗೆ ಹೇಳಬೇಡಿ, ನೀವೇ ಗಡಿಯಾರ ಇಟ್ಟುಕೊಂಡು ಹಾಕಿ ನೋಡಿ, ಹೊಸಬರಿಗೆ ಅದರ ಒಂದೂವರೆ ಪಟ್ಟು ಹೊತ್ತು ಹಿಡಿದು, ದಿನಗೂಲಿ ಹೊಂದುತ್ತದೆಯೇ ಲೆಕ್ಕ ಹಾಕಿ ಎಂದೆ. ಸೀರೆ ಮಾರಿದ ಮೇಲೆ ಕೊಡುವುದಲ್ಲ, ಕೆಲಸ ಬಂದ ದಿನವೇ ಕೊಡಬೇಕು. ಅದಕ್ಕೆ ಕೈಯಲ್ಲಿ ಹಣ ಬೇಕಲ್ಲ? ಬೆಂಗಳೂರಿನ ಒಂದು ಅಂಗಡಿಯಿಂದ ಮೂರು ತಿಂಗಳ ಬಾಕಿ ನಿಂತಿತ್ತು. ಸುನಂದಾ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರು, ಆದರೆ ಅದರಿಂದೇನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಇಂಥ ಸಣ್ಣ ಉತ್ಪಾದಕರಿಗೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನಕ್ಕಿಂತ ಹೆಚ್ಚು ತಡೆಯುವಂತಿಲ್ಲ, ತಡೆದರೆ ಬಡ್ಡಿ ಕೊಡಬೇಕು. ಅವರನ್ನು ಒಬ್ಬ ಲೆಕ್ಕಪರಿಶೋಧಕರ ಬಳಿ ಕಳಿಸಿದೆ. ಪತ್ರ ಹೋಯಿತು, ಬಾಕಿ ಬಂತು.

ಎಲ್ಲಕ್ಕಿಂತ ಕಷ್ಟದ ಮಾತು ಬಂದದ್ದು ಇದೆಲ್ಲ ಆದ ಮೇಲೆ.

"ಕಲಿಸಿದ ಮ್ಯಾಲೆ ನನ್ನ ಗಿರಾಕೀನ ಕರಕೊಂಡು ಹೋದ್ರ?"

"ಹೋಗಬಹುದ್ರೀ" ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಅದು ಒಂದು ಸೀಮೆಯ ಕಸುಬಿಗೆ ಸಿಕ್ಕ ಮಾನ್ಯತೆ, ಒಬ್ಬರ ಹಕ್ಕಲ್ಲ. ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಆನೆ, ಈ ಚಿತ್ತಾರಗಳಲ್ಲಿ ಯಾವುದೂ ಒಬ್ಬರ ಸ್ವತ್ತಲ್ಲ. ಸುನಂದಾರದೆಂದು ಹೇಳಬಹುದಾದದ್ದು ಬಣ್ಣದ ಆಯ್ಕೆ, ಚಿತ್ತಾರಗಳನ್ನು ಕೂಡಿಸುವ ರೀತಿ, ಹೇಳಿದ ದಿನಕ್ಕೆ ತಲುಪಿಸುವ ಮಾತು. ಅವನ್ನು ಯಾರೂ ಒಯ್ಯಲಾರರು. ಅದರ ಮೇಲೆ ಇನ್ನೊಂದು ಹೇಳಿದೆ: ಸೀರೆ ಯಾರ ಕೈಯದು ಎಂಬುದನ್ನು ಗಿರಾಕಿಗೆ ಹೇಳಿಬಿಡಿ.

ಇದನ್ನು ಅವರು ಒಪ್ಪಲಿಲ್ಲ. ಐದು ಭೇಟಿಗಳಲ್ಲಿ ಇದೇ ಮಾತು. "ನಂದ ಕೈ ಅಂತ ತೊಗೊಂಡಾರ್ರಿ, ಹ್ಯಾಂಗ ಹೇಳ್ಲಿ?" ಅದಕ್ಕೇ ಹೇಳಬೇಕು ಎಂಬುದು ನನ್ನ ಉತ್ತರ. ಮುಚ್ಚಿಟ್ಟರೆ ಪ್ರತಿ ಪಾರ್ಸೆಲ್ ಜೊತೆ ಒಂದು ಭಯವನ್ನೂ ಕಟ್ಟಿ ಕಳಿಸಿದ ಹಾಗೆ, ಕೈಗೆ ಸಿಕ್ಕ ವಿಶ್ರಾಂತಿಯನ್ನು ಆ ಭಯವೇ ತಿನ್ನುತ್ತದೆ. ಸಾಲು ಮುಂದುವರಿಸಿದ ಹೆಂಗಸಿಗೂ ಹೆಸರು ಸಲ್ಲಬೇಕು.

ಕೊನೆಗೆ ಮುಂಗಡ ಕೊಟ್ಟ ಎಲ್ಲರಿಗೂ ಫೋನ್ ಮಾಡಿದರು. ಮೂವರು ನಿಮ್ಮ ಕೈಯದೇ ಬೇಕು, ಎಷ್ಟಾದರೂ ಕಾಯುತ್ತೇವೆ ಎಂದರು. ಒಬ್ಬರು ಮುಂಗಡ ವಾಪಸ್ ಕೇಳಿದರು, ಅವತ್ತೇ ಕೊಟ್ಟರು. ಉಳಿದವರು ಆಗಲಿ ಎಂದರು. ಈಗ ಪ್ರತಿ ಸೀರೆಯೊಂದಿಗೆ ಎರಡು ಹೆಸರಿರುವ ಚೀಟಿ ಹೋಗುತ್ತದೆ.

ಹೆಬ್ಬೆರಳಿನ ಬಾವು ಇಳಿದಿದೆ, ಚಳಿಗೆ ಇನ್ನೂ ನೋಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸೂಜಿ ಹಿಡಿಯುವುದಿಲ್ಲ. ಇಬ್ಬರು ಹೆಂಗಸರು ಸಾಲು ಮುಂದುವರಿಸುತ್ತಾರೆ. ಮೂರನೆಯವರು ಖಣದ ಪರೀಕ್ಷೆಯಲ್ಲಿ ಎರಡು ಸಲ ಬಿಚ್ಚಿ ಮೂರನೆಯ ಸಲ ಹಾಕುತ್ತಿದ್ದಾರೆ. ಸೆರಗಿನ ಗೋಪುರವನ್ನು ಮಾತ್ರ ಸುನಂದಾ ಇನ್ನೂ ಯಾರಿಗೂ ಕೊಟ್ಟಿಲ್ಲ. ಅದನ್ನೂ ಕೊಡಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.