ಫೆಬ್ರವರಿಗೇ ಬಾಡುವ ಇಳಿಜಾರು ತೋಟಕ್ಕೆ ಬೋರ್ ಬೇಕಾ?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಗುಡ್ಡೆ ಇಳಿಜಾರಿನಲ್ಲಿರುವ ನಿಮ್ಮ ಅಡಿಕೆ ತೋಟ ಫೆಬ್ರವರಿಗೇ ಬಾಡುತ್ತದೆ, ಇನ್ನೊಂದು ಬೋರ್ ಕೊರೆಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆದರೆ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಅದೂ ಈಗೀಗ ಒಮ್ಮೆಲೇ ಸುರಿಯುತ್ತದೆ, ಮಣ್ಣು ಕುಡಿಯುವ ಮೊದಲೇ ತೋಡು (ಸಣ್ಣ ಹಳ್ಳ) ಸೇರುತ್ತದೆ.

ಹಾಗೆ ಓಡುವ ನೀರು ತೋಟದಲ್ಲೇ ಇಂಗುವಂತೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಚರಂಡಿ ತೆಗೆಸಿ. ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಬರುವಂತೆ ಜೋಡಿಸಿ, ಪ್ರತಿ ಪದರಕ್ಕೂ ಮಣ್ಣು ಹಾಕಿ. ಸಿಪ್ಪೆ ತನ್ನ ತೂಕಕ್ಕಿಂತ ಎಷ್ಟೋ ಜಾಸ್ತಿ ನೀರು ಹಿಡಿಯುತ್ತದೆ. ಉಳಿದ ಮಣ್ಣನ್ನು ಕೆಳಬದಿಗೆ ಬದು ಕಟ್ಟಿ ಅನಾನಸು ನೆಡಿ, ಬೇರು ಬದುವನ್ನು ಹಿಡಿದುಕೊಳ್ಳುತ್ತದೆ. ತೆಂಗಿನ ತೋಟಗಳಿಗೆ ಸಿಪಿಸಿಆರ್‌ಐ (ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಹುಲ್ಲಿಗೆ ಕಳೆನಾಶಕ ಹೊಡೆಯುತ್ತೇನೆ ಅಂದಿರಲ್ಲ, ಅದು ಓದಿ ಬೇಸರವಾಯಿತು. ಬೋಳು ಮಣ್ಣಿಗೆ ಮಳೆ ಹನಿ ಬಿದ್ದರೆ ಮೇಲ್ಮೈ ಗಟ್ಟಿಯಾಗಿ ನೀರು ಸರಿಯಾಗಿ ಇಳಿಯುವುದಿಲ್ಲ. ಮೆಷಿನಿನಲ್ಲಿ ಕತ್ತರಿಸಿ ಅಲ್ಲೇ ಬಿಡಿ. ತುಲಾಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ) ಮುಗಿಯುವ ಹೊತ್ತಿಗೆ, ಮಣ್ಣು ಹಸಿ ಇರುವಾಗಲೇ, ಬುಡಕ್ಕೆ ಸೋಗೆ, ತರಗೆಲೆ ದಪ್ಪಕ್ಕೆ ಹೊದೆಸಿ.

ಮನೆಯ ಮೇಲ್ಬದಿ ಕಡಿದಾದ ಗುಡ್ಡೆ ಇದ್ದರೆ ಅಲ್ಲಿ ಮಾತ್ರ ಇಂಗುಗುಂಡಿ, ಚರಂಡಿ ಯಾವುದೂ ಬೇಡವೇ ಬೇಡ. ನೀರು ಕುಡಿದ ಮಣ್ಣು ಜರಿಯುವ ಅಪಾಯ ಇದೆ.

ತೋಡಿಗೆ ನೆರೆಕರೆಯವರು ಸೇರಿ ಕಟ್ಟ (ನೀರು ತಡೆಯುವ ಸಣ್ಣ ಒಡ್ಡು) ಹಾಕಿದರೆ ಬಾವಿಗಳಿಗೂ ಒಳ್ಳೆಯದು. ಬೋರಿನ ಮಾತು ಇಷ್ಟೆಲ್ಲ ಆದ ಮೇಲೆ ನೋಡೋಣ. ಇಳಿಜಾರಿನ ಒಂದು ಫೋಟೋ ಹಾಕಿ, ಚರಂಡಿ ಎಲ್ಲಿ ಬರಬೇಕು ಅಂತ ಹೇಳುತ್ತೇನೆ.